ಪುತ್ತಿಗೆ ಪರ್ಯಾಯಕ್ಕೆ ಮುಂಚೆಯಾ, ಆಮೇಲಾ?

"ನಿಮ್ಮ ಮನೆಯಲ್ಲಿ ಯಾರಾದರೂ ಸಂತ್ರಸ್ತರು ಇದ್ದಾರಾ ಅಮ್ಮ?" ಎಂದು ಕೇಳಿದ್ದಕ್ಕೆ ಮಲ್ಪೆ ಕಡೆಯ ಹಿರಿಯರೊಬ್ಬರು, "ನಮ್ಮಲ್ಲಿಗೆ ನೆರೆ ಬರುವುದಿಲ್ಲ ಮಾರಾಯ್ರೆ" ಎಂದರು. ಅವರದ್ದೇನೂ ತಪ್ಪಿಲ್ಲ. ಪೇಪರಿನಲ್ಲಿ ಬರುವ ಸಂತ್ರಸ್ತರು ಹೆಚ್ಚಾಗಿ ನೆರೆಯವರು, ಇಲ್ಲವೇ ಯೋಜನೆಗೆ ಜಾಗ ಕಳೆದುಕೊಂಡವರು. ನಾವು ಕೇಳಹೊರಟದ್ದು ಕಳವು, ಹೊಡೆತದಂಥ ಅಪರಾಧದಿಂದ ನೊಂದವರನ್ನು, ಇಂಗ್ಲಿಷಿನ 'ವಿಕ್ಟಿಮ್' ಅನ್ನು. ಅದಕ್ಕೆ 'ಬಲಿಪಶು' ಅಂತೂ ಬೇಡವೇ ಬೇಡ. ಎದುರು ಕೂತು ಚಾ ಕೊಡುವವರನ್ನು ಹಾಗೆ ಕರೆಯುವುದುಂಟಾ?

ಅಪರಾಧದಿಂದ ನೊಂದವರ ಅಂತರರಾಷ್ಟ್ರೀಯ ಸಮೀಕ್ಷೆ ಶುರುವಾದದ್ದು 1989ರಲ್ಲಿ. ಪೊಲೀಸರ ಲೆಕ್ಕದಲ್ಲಿ ದೂರು ಕೊಡದವರು ಇರುವುದಿಲ್ಲ, ಒಂದು ದೇಶದ ಕಳ್ಳತನ ಇನ್ನೊಂದರಲ್ಲಿ ದರೋಡೆಯಾಗಿರುತ್ತದೆ. ಹಾಗಾಗಿ ಎಲ್ಲ ಕಡೆಯೂ ಜನರನ್ನೇ ಒಂದೇ ಬಗೆಯ ಪ್ರಶ್ನೆ ಕೇಳುವ ಕ್ರಮ ಬಂತು. 90ರ ದಶಕದಲ್ಲಿ ಮುಂಬಯಿಯಲ್ಲೂ ನಡೆದಿತ್ತು. ಅಂಥದೇ ಪ್ರಶ್ನಾವಳಿಯನ್ನು ಉಡುಪಿಯ ಹತ್ತು ಹನ್ನೆರಡು ಮನೆಗಳಲ್ಲಿ ಪರೀಕ್ಷೆ ಮಾಡಿ ನೋಡುವ ದಿನ ಅದು.

ಇಂಗ್ಲಿಷಿನ ಪ್ರಶ್ನಾವಳಿಯನ್ನು ಒಬ್ಬರು ಕನ್ನಡಕ್ಕೆ ತಂದದ್ದನ್ನು, ಮೂಲ ನೋಡದ ಇನ್ನೊಬ್ಬರು ವಾಪಸ್ ಇಂಗ್ಲಿಷಿಗೆ ಮಾಡಿ ಹೋಲಿಸುವುದು ಪದ್ಧತಿ. 'ಸಂತ್ರಸ್ತ' ಆ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗಿತ್ತು. ಇಬ್ಬರೂ ಓದಿದವರಲ್ಲವೇ! ಫೇಲಾದದ್ದು ಜಗಲಿಯಲ್ಲಿ. ಆ ಶಬ್ದ ಬಿಟ್ಟು, "ಹೀಗೆ ಆದದ್ದುಂಟಾ" ಎಂದು ಘಟನೆಯನ್ನೇ ಕೇಳುವುದು ಎಂದಾಯಿತು.

ಮುಂದಿನ ತೊಡಕು ಕಾಲದ್ದು. "ಕಳೆದ ಐದು ವರ್ಷದಲ್ಲಿ" ಎಂದರೆ ಯಾರೂ ಎಣಿಸಿ ಹೇಳುವುದಿಲ್ಲ. ಮನಸ್ಸಿಗೆ ನಾಟಿದ ಹಳೆಯ ಘಟನೆ ಹತ್ತಿರದ್ದೆಂದೇ ಕಾಣುತ್ತದೆ. ಏಳು ವರ್ಷದ ಹಿಂದಿನ ಕನ್ನ ಐದರೊಳಗೆ ಬಂದು ಕೂತರೆ ಲೆಕ್ಕ ಉಬ್ಬುತ್ತದೆ. ಇದಕ್ಕೆ ಎಲ್ಲರ ನೆನಪಿನಲ್ಲಿರುವ ಗುರುತು ಬೇಕು. ಉಡುಪಿಯಲ್ಲಿ ಅದನ್ನು ಹುಡುಕಬೇಕಿಲ್ಲ. ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ ಪರ್ಯಾಯ, ಕೃಷ್ಣಮಠದ ಪೂಜೆಯ ಹೊಣೆ ಅಷ್ಟಮಠಗಳಲ್ಲಿ ಒಂದರಿಂದ ಮುಂದಿನದಕ್ಕೆ ಹೋಗುವ ದಿನ. "ಪುತ್ತಿಗೆಯವರ ಪರ್ಯಾಯಕ್ಕೆ ಮುಂಚೆಯಾ, ಆಮೇಲಾ?" ಎಂದರೆ ಸಾಕು, 2024 ಸಿಕ್ಕಿತು. "ಅದಲ್ಲ, ಕೃಷ್ಣಾಪುರದವರದ್ದು" ಎಂದರೆ 2022. ಮಠದ ಸಂಪರ್ಕವಿಲ್ಲದ ಮನೆಗಳಲ್ಲಿ ಕೊರೋನ ಲಾಕ್‌ಡೌನ್, ಮಗಳ ಮದುವೆ.

ಸರ ಎಳೆದುಕೊಂಡು ಹೋದದ್ದನ್ನು ಎಲ್ಲಿ ಬರೆಯುವುದು? ಪ್ರಶ್ನಾವಳಿಯಲ್ಲಿ ಬಲ ಅಥವಾ ಬೆದರಿಕೆ ಇದ್ದರೆ ಸುಲಿಗೆ, ಇಲ್ಲದಿದ್ದರೆ ಕಳವು. ನಮ್ಮ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಸಿದು ಓಡುವುದಕ್ಕೆ 304 ಎಂದು ಬೇರೆಯೇ ಕಲಮು. ನಾವೇ ತೀರ್ಮಾನಿಸಿದರೆ ಬೇರೆ ಊರಿನ ಅಂಕಿಯೊಂದಿಗೆ ತಾಳೆಯಾಗದು. ಆದ್ದರಿಂದ "ನಿಮ್ಮನ್ನು ದೂಡಿದರಾ, ಹೆದರಿಸಿದರಾ" ಎಂದು ಬಿಡಿಸಿ ಕೇಳಿ ಉತ್ತರವನ್ನು ಹಾಗೆಯೇ ಬರೆಯಬೇಕು, ವಿಂಗಡಣೆ ಆಮೇಲೆ.

ಇನ್ನೊಂದು, ಮೊದಲು ಎಲ್ಲ ಅಪರಾಧಗಳಿಗೂ ಹೌದು-ಇಲ್ಲ ಮುಗಿಸಬೇಕು, ವಿವರ ಕೊನೆಗೆ. ಪ್ರತಿ 'ಹೌದು'ವಿನ ಹಿಂದೆ ಹತ್ತು ಪ್ರಶ್ನೆ ಬರುತ್ತದೆಂದು ಗೊತ್ತಾದರೆ ಮೂರನೆಯದರಿಂದ ಎಲ್ಲವೂ 'ಇಲ್ಲ'. ಬೆಳಿಗ್ಗೆ ಒಂದು ಮನೆಯಲ್ಲಿ ಈ ಕ್ರಮ ತಪ್ಪಿತು. ಒಲೆ ಮೇಲೆ ಗಂಜಿ ಇಟ್ಟವರು ಮತ್ತೇನು ಮಾಡಿಯಾರು?

ಮನೆಯೊಳಗಿನ ಹೊಡೆತದ ಪ್ರಶ್ನೆ ಒಬ್ಬರೇ ಇದ್ದಾಗ ಮಾತ್ರ. ಯಾರಾದರೂ ಒಳಗೆ ಬಂದರೆ ಕೂಡಲೇ ಬೈಕ್ ಕಳವಿನ ಪುಟಕ್ಕೆ ತಿರುಗಬೇಕು. ಅದಕ್ಕೆಂದೇ ಆ ಪುಟಕ್ಕೆ ಬೆರಳಿಟ್ಟುಕೊಂಡಿರುವುದು.

"ದೂರು ಕೊಟ್ಟಿರಾ?" ಎಂದದ್ದಕ್ಕೆ ಹೆಚ್ಚಿನವರು "ಕೊಟ್ಟು ಎಂತ ಪ್ರಯೋಜನ?" ಎಂದೇ ಕೇಳಿದರು. ಪರಿಹಾರದ ಪ್ರಶ್ನೆಗೆ ವಿಮೆಯ ಉತ್ತರ ಬಂತು. ಅಪರಾಧದಿಂದ ಜೀವಕ್ಕೆ, ದೇಹಕ್ಕೆ ಹಾನಿಯಾಗಿ ಪುನರ್ವಸತಿ ಬೇಕಾದವರು, ಆರೋಪಿ ಯಾರೆಂದು ಪತ್ತೆಯಾಗದಿದ್ದರೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 357ಎ, 2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 396. ವಿಶ್ವಸಂಸ್ಥೆ 1985ರ ಘೋಷಣೆಯಲ್ಲೇ ಈ ಮಾತು ಹೇಳಿತ್ತು. ಹಂತಕ ಸಿಗಲಿಲ್ಲ, ಹಾಗಾಗಿ ಎಲ್ಲ ಮುಗಿಯಿತು ಎಂದೇ ನಂಬಿದ ಮನೆಯಲ್ಲಿ ಇದನ್ನು ಹೇಳದೆ ಫಾರಂ ತುಂಬಿಸಿಕೊಂಡು ಎದ್ದು ಬರುವುದು ಸಮೀಕ್ಷೆಯಲ್ಲ, ಕಳವೇ.

ಆದ್ದರಿಂದ ಹೊರಡುವಾಗ ಒಂದು ಚೀಟಿ ಕೊಡುವುದು ಕಡ್ಡಾಯ. ಮೊದಲು ಅದರಲ್ಲಿ ಮಹಿಳಾ ಸಹಾಯವಾಣಿ 181, ಕಾನೂನು ನೆರವಿನ 15100 ಮಾತ್ರ ಇದ್ದವು. ಹೊಡೆಯುವವನ ಕೈಗೆ ಅದು ಸಿಕ್ಕರೆ? ಸಂಜೆ ಹೊಸದಾಗಿ ಬರೆದೆವು: ಕರೆಂಟ್ ಹೋದರೆ ಮೆಸ್ಕಾಂ 1912 ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ. ಕೆಳಗೆ ಆಂಬುಲೆನ್ಸ್ 108, ಆನ್‌ಲೈನ್ ವಂಚನೆಗೆ 1930, ತುರ್ತಿಗೆ 112. ಅವುಗಳ ನಡುವೆ ಸಣ್ಣಗೆ 181, 15100.