ಯಂತ್ರ ನಿಂತಿರುವ ಹೊತ್ತಿನ ಲೆಕ್ಕ

ನನಗೆ ಹೊಲಿಗೆಯ ಹುಚ್ಚು ಹತ್ತಿದ್ದು ಬಟ್ಟೆಯಿಂದಲ್ಲ, ಯಂತ್ರದ ಕೆಳಗಿನ ದಾರ ಸುತ್ತಿಡುವ ಪುಟ್ಟ ಉರುಳೆಯಾದ ಬಾಬಿನ್‌ನಿಂದ. ಅಮ್ಮ ಯಂತ್ರ ತುಳಿಯುವಾಗ ನಾನು ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಮೇಲಿನ ದಾರವೂ ಕೆಳಗಿನ ದಾರವೂ ಕಣ್ಣಿಗೆ ಕಾಣದಂತೆ ಎಲ್ಲಿ ಸೇರುತ್ತವೆ ಎಂದು ಇಣುಕುತ್ತಿದ್ದೆ. ಕೊನೆಗೆ ಒಂದು ದಿನ ಅವರೇ ತಟ್ಟೆ ಸರಿಸಿ, ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ತೋರಿಸಿದರು. ಸೂಜಿ ತಳ ಮುಟ್ಟಿ ಮೇಲೇಳತೊಡಗಿದೊಡನೆ ಅದರ ಕಣ್ಣಿನ ಬಳಿ ದಾರ ಸಡಿಲಗೊಂಡು ಪುಟ್ಟ ಕುಣಿಕೆಯಾಗುತ್ತದೆ. ಕೊಕ್ಕೆ ಆ ಕುಣಿಕೆಯನ್ನು ಹಿಡಿದು ಬಾಬಿನ್ ಸುತ್ತ ದಾಟಿಸುತ್ತದೆ. ಮೇಲಿನ ದಾರ ಬಿಗಿದುಕೊಂಡಾಗ ಗಂಟು ಬಟ್ಟೆಯ ದಪ್ಪದೊಳಗೇ ಅಡಗುತ್ತದೆ. ಅಮೆರಿಕದ ಎಲಿಯಾಸ್ ಹೌ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿಯೂ ಹೀಗೆ ಎರಡು ದಾರಗಳ ಹೊಲಿಗೆಯೇ ಇತ್ತು, ಸೂಜಿಯ ಕಣ್ಣು ಮೊನೆಯ ಹತ್ತಿರವೇ ಇತ್ತು ಎಂಬುದನ್ನು ಬಹಳ ವರ್ಷಗಳ ನಂತರ ಓದಿದೆ. ಓದಿ ತಿಳಿದದ್ದಕ್ಕಿಂತ ಅಂದು ಕಂಡ ಕುಣಿಕೆಯೇ ನನಗೆ ಇಂದಿಗೂ ಹೆಚ್ಚು.

ಮುಂದಿನ ಇಪ್ಪತ್ತು ವರ್ಷ ಮನೆಯವರಿಗಾಗಿ, ಗೆಳತಿಯರಿಗಾಗಿ, ಒಮ್ಮೊಮ್ಮೆ ಯಾರಿಗೂ ಅಲ್ಲದೆ ಹೊಲಿದೆ. ಕೊರಳಿನ ಪಟ್ಟಿ ಸೊಟ್ಟಗಾದರೆ ಬಿಚ್ಚುತ್ತಿದ್ದೆ, ಮರುದಿನ ಮತ್ತೆ ಬಿಚ್ಚುತ್ತಿದ್ದೆ. ಹೊತ್ತಿನ ಲೆಕ್ಕ ಇಡುವವರು ಯಾರೂ ಇರಲಿಲ್ಲ. ಇದನ್ನೇ ಉದ್ಯೋಗವಾಗಿಸಿಕೊಳ್ಳಲು ನಿರ್ಧರಿಸಿದಾಗ, ಇಡೀ ದಿನ ಯಂತ್ರದ ಮುಂದೆಯೇ ಇರಬಹುದೆಂಬ ಸಂತೋಷವೊಂದೇ ನನ್ನ ಬಂಡವಾಳವಾಗಿತ್ತು ಎಂದರೂ ಸಲ್ಲುತ್ತದೆ.

ಆ ಸಂತೋಷ ಲೆಕ್ಕಕ್ಕೆ ಸಿಕ್ಕಿದ್ದು ಮೂರನೆಯ ತಿಂಗಳಿನಲ್ಲಿ. ಕೆಲಸ ಮುಗಿಯದಷ್ಟಿದ್ದರೂ ಕೈಯಲ್ಲಿ ಹಣ ಉಳಿಯುತ್ತಿರಲಿಲ್ಲವಾದ್ದರಿಂದ, ಗಡಿಯಾರವನ್ನು ಪಕ್ಕದಲ್ಲಿಟ್ಟುಕೊಂಡು ಒಂದು ತುಂಬುತೋಳಿನ ಅಂಗಿಯ ಪ್ರತಿಯೊಂದು ಕೆಲಸಕ್ಕೂ ಹಿಡಿದ ಸಮಯವನ್ನು ಬರೆದಿಟ್ಟೆ. ಅಳತೆ ಮತ್ತು ಮಾತುಕತೆ, ಕಾಗದದ ಮೇಲಿನ ನಕ್ಷೆ, ಕತ್ತರಿಸುವುದು, ಕಾಲರಿಗೆ ಕ್ಯಾನ್ವಾಸ್ ಅಂಟಿಸುವುದು, ಕಾಜಾ, ಗುಂಡಿ, ಇಸ್ತ್ರಿ ಎಲ್ಲವೂ ಸೇರಿ ಆರೂವರೆ ಗಂಟೆಯಾಗಿತ್ತು. ಅದರಲ್ಲಿ ಯಂತ್ರ ತಿರುಗಿದ್ದು ಎರಡು ಗಂಟೆಗೂ ಕಡಿಮೆ. ನಾನು ಬೆಲೆ ಹೇಳುತ್ತಿದ್ದದ್ದು ಆ ಎರಡು ಗಂಟೆಗೆ ಮಾತ್ರ. ಉಳಿದ ನಾಲ್ಕೂವರೆ ಗಂಟೆಯನ್ನು ಪ್ರೀತಿಯ ಹೆಸರಿನಲ್ಲಿ ಪುಕ್ಕಟೆಯಾಗಿ ಕೊಡುತ್ತಿದ್ದೆ, ಮತ್ತು ಪಡೆದವರಿಗೆ ಅದು ಗೊತ್ತೂ ಇರಲಿಲ್ಲ. ಬೆಲೆ ಏರಿಸಿದಾಗ ಕೆಲವರು ಬರುವುದನ್ನು ನಿಲ್ಲಿಸಿದರು. ಅವರಲ್ಲಿ ಹೆಚ್ಚಿನವರು ನೆಂಟರು.

ಯಂತ್ರ ನಿಂತಿರುವ ಹೊತ್ತಿನಲ್ಲಿಯೇ ಉಡುಪು ಗೆಲ್ಲುವುದು ಅಥವಾ ಸೋಲುವುದು ಎಂಬುದನ್ನು ನಾನು ಬಟ್ಟೆ ಹಾಳುಮಾಡಿಯೇ ಕಲಿತೆ. ಒಬ್ಬರು ತಂದುಕೊಟ್ಟ ಹತ್ತಿ ಬಟ್ಟೆಯನ್ನು ಅವಸರದಲ್ಲಿ ನೀರಿಗೆ ಹಾಕದೆಯೇ ಕತ್ತರಿಸಿದ್ದೆ. ಅಂಗಿ ಮೈಗೆ ಒಪ್ಪವಾಗಿ ಕೂತಿತ್ತು, ಅವರು ಮೆಚ್ಚಿ ಒಯ್ದರು, ಮೊದಲ ಒಗೆತದ ಬಳಿಕ ಅದನ್ನೇ ಹಿಡಿದು ಮರಳಿದರು. ತೋಳು ಮಣಿಕಟ್ಟಿನಿಂದ ಮೇಲೇರಿತ್ತು. ಮಗ್ಗದಲ್ಲಿ ಬಟ್ಟೆಯ ಉದ್ದಕ್ಕೆ ಬಿಗಿಯಾಗಿ ಎಳೆದು ಕಟ್ಟಿರುವ ಹಾಸಿನ ನೂಲು ನೀರು ಕುಡಿದೊಡನೆ ಸಡಿಲಗೊಂಡು ಹಿಂದಕ್ಕೆ ಸರಿಯುತ್ತದೆ; ನೂರಕ್ಕೆ 5ರಷ್ಟು ಕುಗ್ಗಿದರೂ 60 ಸೆಂ.ಮೀ. ತೋಳು 57ಕ್ಕೆ ಇಳಿಯುತ್ತದೆ. ಹೊಸ ಬಟ್ಟೆ ಕೊಂಡು ಮತ್ತೊಂದು ಅಂಗಿ ಹೊಲಿದುಕೊಟ್ಟೆ. ಅಂದಿನಿಂದ ಹತ್ತಿ ಬಟ್ಟೆ ನೆನೆದು, ಒಣಗಿ, ಇಸ್ತ್ರಿಯಾಗುವವರೆಗೆ ನನ್ನ ಕತ್ತರಿ ಪೆಟ್ಟಿಗೆಯಿಂದ ಹೊರಬರುವುದಿಲ್ಲ, ಗಿರಾಕಿ ಎಷ್ಟೇ ಆತುರಪಡಲಿ.

ಹೊಸ ಉಡುಪುಗಳಿಗಿಂತ ರಿಪೇರಿ ಕೆಲಸವೇ ನನ್ನ ಅಂಗಡಿಯನ್ನು ನಿಲ್ಲಿಸಿತು. ಇದನ್ನು ಹೇಳಿಕೊಳ್ಳಲು ಮೊದಲು ನನಗೆ ನಾಚಿಕೆಯಾಗುತ್ತಿತ್ತು. ವಿನ್ಯಾಸಕಿ ಎನಿಸಿಕೊಳ್ಳಬೇಕೆಂದು ಬಂದವಳು ಸೊಂಟ ಬಿಗಿ ಮಾಡುತ್ತ, ಜಿಪ್ಪು ಬದಲಿಸುತ್ತ ಕುಳಿತಿದ್ದೆ. ಆದರೆ ಬೇರೆಯವರು ಹೊಲಿದದ್ದನ್ನು ಬಿಚ್ಚುವುದರಲ್ಲಿ ಸಿಗುವ ಪಾಠ ಹೊಸದನ್ನು ಹೊಲಿಯುವುದರಲ್ಲಿ ಸಿಗುವುದಿಲ್ಲ. ಯಾರು ಎಲ್ಲಿ ಅವಸರಪಟ್ಟರು, ಎಲ್ಲಿ ಬಟ್ಟೆ ಸಾಲದೆ ತುಂಡು ಜೋಡಿಸಿದರು, ತೋಳು ಕೂಡುವ ಸುತ್ತಿನಲ್ಲಿ ಎಷ್ಟು ಜಾಣತನದಿಂದ ನಿರಿಗೆ ಕಾಣದಂತೆ ತುಂಬಿಸಿದರು ಎಂಬುದೆಲ್ಲ ಒಳಮೈಯಲ್ಲಿ ಬರೆದಿಟ್ಟಂತೆ ಕಾಣುತ್ತದೆ.

ಒಮ್ಮೆ ಒಬ್ಬ ಮಹಿಳೆ ತಮ್ಮ ತಾಯಿಯ ಹಳೆಯ ಕೋಟನ್ನು ತಂದು, ತಮ್ಮ ಮೈಗೆ ಅಗಲಿಸಲು ಸಾಧ್ಯವೇ ಎಂದು ಕೇಳಿದರು. ಆಗುವುದಿಲ್ಲವೆಂದು ಹೇಳುವ ಮನಸ್ಸಿನಿಂದಲೇ ಅಸ್ತರು ಬಿಚ್ಚಿದೆ. ಅದನ್ನು ಹೊಲಿದವರು ಪಕ್ಕದ ಎರಡೂ ಹೊಲಿಗೆಗಳ ಒಳಗೆ, ಅಗತ್ಯಕ್ಕಿಂತ ಎರಡು ಬೆರಳು ಹೆಚ್ಚಾಗಿ ಬಟ್ಟೆ ಬಿಟ್ಟು, ಅಂಚು ಬಿಚ್ಚದಂತೆ ಕೈಯಿಂದಲೇ ಸುತ್ತು ಹೊಲಿಗೆ ಹಾಕಿದ್ದರು. ಕೋಟು ಅಗಲವಾಯಿತು, ಆ ಮಹಿಳೆ ಅದನ್ನು ಹಾಕಿಕೊಂಡೇ ಹೋದರು. ಬಟ್ಟೆಯ ಖರ್ಚು ಹೆಚ್ಚುತ್ತದೆಂದು ನನ್ನ ಲೆಕ್ಕದ ಪುಸ್ತಕ ಗೊಣಗಿದರೂ, ನಾನೀಗ ಪ್ರತಿಯೊಂದು ಅಂಗಿಯ ಪಕ್ಕದ ಹೊಲಿಗೆಯಲ್ಲಿ ಎರಡು ಬೆರಳು ಬಿಟ್ಟೇ ಕತ್ತರಿಸುತ್ತೇನೆ.