ದೊಡ್ಡಪ್ಪ ಪೆಸಿಮಿಸ್ಟಿಕ್ಕಾ?

"ದೊಡ್ಡಪ್ಪ, ನೀವು ತುಂಬಾ ಪೆಸಿಮಿಸ್ಟಿಕ್ ಆಗಿ ಮಾತಾಡ್ತೀರಿ."

ಭಾನುವಾರ ಊಟ ಆದ ಮೇಲೆ ತಮ್ಮ ಹೀಗಂದುಬಿಟ್ಟ. ಗದ್ದೆಯಲ್ಲಿ ಬೆಣ್ಣೆಹಣ್ಣು ಹಾಕಬೇಕು ಅಂತ ಅವನ ಹಟ. ದೊಡ್ಡಪ್ಪ ವೀಳ್ಯದೆಲೆಗೆ ಸುಣ್ಣ ಸವರುತ್ತಾ, "ಮಳೆಗಾಲದಲ್ಲಿ ಆ ನೀರೆಲ್ಲ ಎಲ್ಲಿಗೆ ಹೋಗುತ್ತೆ?" ಅಂದಿದ್ದರು, ಅಷ್ಟೇ. ನೀರು ನಿಂತರೆ ಬೆಣ್ಣೆಹಣ್ಣಿನ ಬೇರು ಕೊಳೆಯುತ್ತೆ, ಅದು ಸತ್ಯವೇ.

ದೊಡ್ಡಪ್ಪ ನನ್ನ ಕಡೆ ತಿರುಗಿದರು. "ಹಾಗಂದ್ರೆ ಏನೋ?"

"ಏನು ಮಾಡಿದ್ರೂ ಕೆಟ್ಟದ್ದೇ ಆಗುತ್ತೆ ಅನ್ನೋರು."

"ಹಾಗಂತ ನಾನೆಲ್ಲಿ ಅಂದೆ? ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿದೆ."

ಒಳಗಿಂದ ದೊಡ್ಡಮ್ಮ, "ಗಿಡ ನೆಡೋ ಮೊದಲೇ ಇಂಥ ಮಾತಾ? ಬಿಡ್ತು ಅನ್ನಿ" ಅಂದರು. ತಮ್ಮ ಇಂಗ್ಲಿಷಲ್ಲಿ ಹೇಳಿದ್ದನ್ನೇ ಅವರು ನಮ್ಮ ಭಾಷೆಯಲ್ಲಿ ಹೇಳಿದ್ದು.

ವಾರವಿಡೀ ಆ ಉತ್ತರ ತಲೆಯಲ್ಲಿ ಸುತ್ತುತ್ತಿದೆ. ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿದೆ.

ತಮ್ಮ ಒಳ್ಳೆ ಹುಡುಗ, ಮೈಬಗ್ಗಿಸಿ ದುಡಿಯುತ್ತಾನೆ. ಆದರೆ ಯೂಟ್ಯೂಬ್ ನೋಡಿ ನೋಡಿ, ಪ್ರಶ್ನೆ ಕೇಳಿದವರೆಲ್ಲ ಅವನಿಗೆ ನೆಗೆಟಿವ್ ಜನ. ವೆನಿಲ್ಲಾ ಕಾಲಕ್ಕೆ ಅವನಿನ್ನೂ ಚಿಕ್ಕವನು. ವೆನಿಲ್ಲಾಗೆ ಹೆಸರಾದ ಮಡಗಾಸ್ಕರ್‌ಗೆ 2000ರಲ್ಲಿ ಹುಡಾ ಚಂಡಮಾರುತ ಹೊಡೆದ ಮೇಲೆ ಅದರ ರೇಟು ಏರುತ್ತಾ ಹೋಯಿತು. ಮಲೆನಾಡಿನವರು ಬೆಳಗಾಗೆದ್ದು ಒಂದೊಂದೇ ಹೂವಿಗೆ ಕಡ್ಡಿ ಹಿಡಿದು ಪರಾಗಸ್ಪರ್ಶ ಮಾಡಿದರು. ಕಳ್ಳರಿಗೆ ಹೆದರಿ ರಾತ್ರಿ ಕಾವಲೂ ಕಾದರು. 2003ರ ನಂತರ ರೇಟು ಬಿದ್ದ ಬೀಳುವಿಕೆಗೆ ಕೆಲವರು ಇನ್ನೂ ಚೇತರಿಸಿಕೊಂಡಿಲ್ಲ. ದೊಡ್ಡಪ್ಪನೂ ವೆನಿಲ್ಲಾ ಹಾಕಿದ್ದರು, ಆದರೆ ಬಚ್ಚಲ ಹಿಂದೆ ನಾಲ್ಕೈದು ಬಳ್ಳಿ ಮಾತ್ರ. ಏನು ಮಾಡಿದ್ರೂ ಕೆಟ್ಟದ್ದೇ ಅನ್ನೋರು ಅಷ್ಟನ್ನೂ ನೆಡುತ್ತಿರಲಿಲ್ಲ, ಅಲ್ವಾ?

ಜೂಲಿ ನೋರೆಮ್, ನ್ಯಾನ್ಸಿ ಕ್ಯಾಂಟರ್ ಅನ್ನೋ ಮನಶ್ಶಾಸ್ತ್ರಜ್ಞರು 1986ರಲ್ಲೇ ಇಂಥವರ ಬಗ್ಗೆ ಬರೆದಿದ್ದಾರೆ. ಏನೇನು ಕೆಡಬಹುದು ಅಂತ ಮೊದಲೇ ಯೋಚಿಸಿ, ಅದಕ್ಕೆ ತಯಾರಾಗಿ ಕೆಲಸಕ್ಕೆ ಇಳಿಯುವವರು. ಅದಕ್ಕೆ ಡಿಫೆನ್ಸಿವ್ ಪೆಸಿಮಿಸಂ ಅಂತ ಹೆಸರು. ಇಂಥವರಿಗೆ ಸುಮ್ನೆ "ಚೆನ್ನಾಗೇ ಆಗುತ್ತೆ ಬಿಡಿ" ಅಂತ ಧೈರ್ಯ ಹೇಳಿದರೆ ಅವರ ಕೆಲಸವೇ ಕೆಡುತ್ತಂತೆ. ನಮ್ಮ ಆಫೀಸಿನ ಮೀಟಿಂಗ್‌ಗಳಲ್ಲಿ ಇದನ್ನು ಯಾರಾದರೂ ಓದಿ ಹೇಳಬೇಕು. ಅಲ್ಲಿ "ಸರ್ವರ್ ಬಿದ್ದರೆ?" ಅಂತ ಕೇಳಿದವನಿಗೆ "ಬಿ ಪಾಸಿಟಿವ್" ಅನ್ನುತ್ತಾರೆ. ರಾತ್ರಿ ಸರ್ವರ್ ಬಿದ್ದಾಗ ಫೋನ್ ಬರುವುದೂ ಅವನಿಗೇ.

ಹಾಗಂತ ದೊಡ್ಡಪ್ಪ ಪೆಸಿಮಿಸ್ಟ್ ಅಲ್ಲವೇ ಅಲ್ಲ ಅನ್ನಲಾರೆ. ತಮ್ಮನ ಮದುವೆ ಮಾತು ಬಂದರೆ, "ತೋಟದ ಹುಡುಗನಿಗೆ ಯಾರು ಹೆಣ್ಣು ಕೊಡ್ತಾರೆ, ಬಿಡು" ಅಂತ ಕೈ ಚೆಲ್ಲುತ್ತಾರೆ. ಅಲ್ಲಿ ಅವರು ಏನನ್ನೂ ಕೇಳುತ್ತಿಲ್ಲ, ತೀರ್ಪು ಕೊಟ್ಟಾಗಿದೆ. ನಿಜವಾದ ಪೆಸಿಮಿಸಂ ಅಂದ್ರೆ ಅದು. ಬೆಣ್ಣೆಹಣ್ಣಿಗೆ ಅಷ್ಟು ಜಗಳ ಆಡುವ ತಮ್ಮ ಆ ಮಾತಿಗೆ ಮಾತ್ರ ಎದುರಾಡುವುದಿಲ್ಲ. ಅವನೂ ಒಪ್ಪಿಕೊಂಡುಬಿಟ್ಟಿದ್ದಾನೆ. ನನಗೆ ಸಿಟ್ಟು ಬರುವುದು ಅದಕ್ಕೆ.