ಮಳೆ ಬಂದರೂ ಇದ್ದಿಲು ಗ್ರಿಲ್ ಒಳಗೆ ತರಬೇಡಿ

ಬೆಳಗಾವಿಯಲ್ಲಿ ಅಡ್ಡಮಳೆ ಹೇಳಿ ಕೇಳಿ ಬರುವುದಿಲ್ಲ. ಒಂದು ರಿಸೆಪ್ಷನ್‌ನಲ್ಲಿ ಲಾನ್ ಮೇಲಿನ ಲೈವ್ ಕೌಂಟರ್‌ಗೆ ಹನಿ ಬಿದ್ದ ಕೂಡಲೇ ಬ್ಯಾಂಕ್ವೆಟ್ ಮ್ಯಾನೇಜರ್ ಕೂಗಿದರು: “ಗ್ರಿಲ್ ಒಳಗ ತಗೊಂಡು ನಡೀರಿ, ಟಿಕ್ಕಾ ನಿಲ್ಲಬಾರದು.” ಕೆಂಡ ತುಂಬಿದ್ದ ಗ್ರಿಲ್ ಪಡಸಾಲೆಗೆ ಬಂತು. ಇರಚಲು ಹೊಡೆಯದಂತೆ ಮೂರೂ ಕಡೆ ತಾಡಪತ್ರಿ ಇಳಿಯಿತು. ಸ್ವಲ್ಪ ಹೊತ್ತಿಗೆ ಸೀಖ್ ತಿರುಗಿಸುತ್ತಿದ್ದ ಹುಡುಗ ಹಣೆ ಒತ್ತಿಕೊಂಡು, “ತಲಿ ಭಾಳ ಸಿಡ್ಯಾಕತ್ತೈತ್ರಿ, ವಾಂತಿ ಬಂದಂಗ ಆಗ್ತೈತಿ” ಅಂದ. ಊಟ ಬಿಟ್ಟು ನಿಂತಿದ್ದಾನೆ, ಪಿತ್ತ ಏರಿರಬೇಕು ಎಂದು ಲಿಂಬೆ ಶರಬತ್ತು ಕೊಟ್ಟೆವು. ಪಕ್ಕದವನಿಗೂ ತಲೆ ಸುತ್ತಿದಾಗಲೇ ತಾಡಪತ್ರಿ ಕಿತ್ತು, ಇಬ್ಬರನ್ನೂ ಹೊರಗೆ ತಂದು ಆಸ್ಪತ್ರೆಗೆ ಕರೆದೊಯ್ದದ್ದು. ಇಬ್ಬರೂ ಹುಷಾರಾದರು.

“ಹೊಗೀನ ಇರಲಿಲ್ಲಲ್ರೀ” ಎಂಬುದು ಎಲ್ಲರ ಮಾತು. ಲೆಕ್ಕ ತಪ್ಪುವುದೇ ಅಲ್ಲಿ. ಇದ್ದಿಲು ಬೂದಿ ಹೊದ್ದು ಒಳಗೆ ಕೆಂಪಗಾದಾಗ ಹೊಗೆ ನಿಲ್ಲುತ್ತದೆ, ಕಾರ್ಬನ್ ಮೊನಾಕ್ಸೈಡ್ ನಿಲ್ಲುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ನಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ಅದು ಹಿಡಿದುಬಿಡುತ್ತದೆ. ಕಿಟಕಿ ತೆರೆದಿದೆ, ಫ್ಯಾನ್ ಇದೆ ಎಂದು ನಂಬಿ ಕೂರುವಂತಿಲ್ಲ. ಇದ್ದಿಲು ಬಯಲಲ್ಲೇ ಉರಿಯಬೇಕು, ಗೋಡೆಗೂ ಶಾಮಿಯಾನಕ್ಕೂ ಕನಿಷ್ಠ 10 ಅಡಿ ದೂರದಲ್ಲಿ.

ಮಳೆ ಬಂದರೆ ಕೌಂಟರ್ ಬಂದ್. ಮುಚ್ಚಳ ಹಾಕಿ, ಮೇಲಿನ ಕೆಳಗಿನ ಗಾಳಿಕಂಡಿ ಎರಡನ್ನೂ ಮುಚ್ಚಿ ಗ್ರಿಲ್ ಇದ್ದಲ್ಲೇ ಬಿಡಿ. ಅರ್ಧ ಬೆಂದ ಚಿಕನ್ ಪರಾತದಲ್ಲಿ ಕಾಯಬಾರದು. ತಕ್ಷಣ ಅಡುಗೆಮನೆಯ ಗ್ಯಾಸ್ ತಂದೂರಿಗೆ ಹೋಗಿ, ತುಂಡಿನ ನಡುವೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕಾರ್ಯಕ್ರಮದ ಎಲ್ಲ ವಿವರ ಮೊದಲೇ ಬರೆದಿಡುವ ಹಾಳೆ, ಅಂದರೆ ಎಫ್‌ಪಿ (ಫಂಕ್ಷನ್ ಪ್ರಾಸ್ಪೆಕ್ಟಸ್), ಅದರಲ್ಲಿ ಹೂವಿನ ಬಣ್ಣಕ್ಕೂ ಸಾಲಿರುತ್ತದೆ; ಮಳೆಗೂ ಒಂದು ಸಾಲು ಬೇಕೇ ಬೇಕು. ಹನಿ ಬಿದ್ದ ಮೇಲೆ ತೀರ್ಮಾನ ಮಾಡಲು ಹೊರಟರೆ ಗದ್ದಲದಲ್ಲಿ ಯಾರ ಧ್ವನಿ ದೊಡ್ಡದೋ ಅವರ ಮಾತೇ ನಡೆಯುತ್ತದೆ.

ಮಳೆ ನಿಂತ ಮೇಲೆ ಇನ್ನೊಂದು ಚಪಲ: ಮಂಕಾದ ಕೆಂಡಕ್ಕೆ ಸೀಮೆಎಣ್ಣೆ ಸುರಿಯುವುದು. ಬಿಸಿಗೆ ಆವಿಯಾಗಿ ಜ್ವಾಲೆ ಕ್ಯಾನಿನವರೆಗೂ ಏರುತ್ತದೆ. ಒಣ ಇದ್ದಿಲನ್ನು ಬೇರೆ ಸಿಗಡಿಯಲ್ಲಿ ಹೊತ್ತಿಸಿ, ಬೂದಿ ಕಟ್ಟಿದ ಮೇಲೆ ಇಕ್ಕಳದಿಂದ ಹಾಕಿ.

ಗ್ಯಾಸ್ ಗ್ರಿಲ್ ಇದ್ದರೆ ಹಚ್ಚುವ ಮೊದಲು ಮುಚ್ಚಳ ತೆರೆದಿರಲೇಬೇಕು. ಬರ್ನರ್ ಹತ್ತದಿದ್ದರೆ ನಾಬ್ ಬಂದ್ ಮಾಡಿ 5 ನಿಮಿಷ ಬಿಟ್ಟು ಮತ್ತೆ ನೋಡಿ. ರೆಗ್ಯುಲೇಟರ್ ಮತ್ತು ಪೈಪಿನ ತುದಿಗಳಿಗೆ ಸೋಪಿನ ನೀರು ಹಚ್ಚಿದಾಗ ಗುಳ್ಳೆ ಎದ್ದರೆ ಆ ಗ್ರಿಲ್ ಅವತ್ತು ಹೊರಡಬಾರದು. ಕೊಬ್ಬು ಹೊತ್ತಿಕೊಂಡರೆ ನೀರು ಎರಚಬೇಡಿ. ಬರ್ನರ್ ಆರಿಸಿ, ಸಿಲಿಂಡರ್ ಬಂದ್ ಮಾಡಿ, ಡ್ರೈ ಪೌಡರ್ ಎಕ್ಸ್‌ಟಿಂಗ್ವಿಷರ್ ಬಳಸಿ.

ಪ್ಯಾಕಪ್ ಹೊತ್ತಿಗೆ ಬೂದಿಯನ್ನು ಪೇಪರ್ ಪ್ಲೇಟಿನ ಕಸಕ್ಕೆ ಸೇರಿಸಬೇಡಿ. ಮುಚ್ಚಳವಿರುವ ತಗಡಿನ ಡಬ್ಬಿಗೆ ತುಂಬಿ, ಟೆಂಪೋಗೆ ಹೇರದೆ, 48 ಗಂಟೆ ಬಯಲಲ್ಲೇ ಇಡಿ.